ಆಲ್ಮಂಡ್ ವ್ಯಾಲಿ: ಕುರಿದೊಡ್ಡಿಯ ಪಕ್ಕದ ಸೀಮೆಎಣ್ಣೆ ಮ್ಯೂಸಿಯಂ

ಸ್ಕಾಟ್ಲೆಂಡಿನ ಲಿವಿಂಗ್‌ಸ್ಟನ್ ಊರಿನಲ್ಲಿರುವ ಆಲ್ಮಂಡ್ ವ್ಯಾಲಿಗೆ ಬರುವವರಲ್ಲಿ ಬಹುಪಾಲು ಜನ ಮಕ್ಕಳಿಗೆ ಕುರಿಮರಿ ತೋರಿಸಲು ಬಂದವರು. ಅದೇ ಟಿಕೆಟ್‌ನಲ್ಲಿ ಶೇಲ್ ಎಂಬ ಪದರಗಲ್ಲಿನಿಂದ ತೆಗೆಯುತ್ತಿದ್ದ ಎಣ್ಣೆಯ ಉದ್ಯಮದ ಮ್ಯೂಸಿಯಮ್ಮನ್ನೂ ನೋಡಬಹುದು ಎಂಬುದು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ. ಗ್ಲಾಸ್ಗೋದ ಬಡಗಿಯ ಮಗ ಜೇಮ್ಸ್ ಯಂಗ್ ಕಲ್ಲಿನಿಂದ ಎಣ್ಣೆ ಇಳಿಸಿ ಸಿರಿವಂತನಾದ ಬಗೆ ಅರ್ಥವಾಗಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಎಡಿನ್‌ಬರೋದಿಂದ ಬಾತ್‌ಗೇಟ್ ಮಾರ್ಗದ ರೈಲು ಹಿಡಿದು ಲಿವಿಂಗ್‌ಸ್ಟನ್ ನಾರ್ತ್‌ನಲ್ಲಿ ಇಳಿಯಬೇಕು. ಊರಿನ ಹೆಸರಿಗೂ ಆಫ್ರಿಕಾ ಸುತ್ತಿದ ಡೇವಿಡ್ ಲಿವಿಂಗ್‌ಸ್ಟನ್‌ಗೂ ನಂಟಿಲ್ಲ. ಗೊಂದಲವಾಗುವುದು ಸಹಜ, ಏಕೆಂದರೆ ಆ ಲಿವಿಂಗ್‌ಸ್ಟನ್ ಯಂಗ್‌ನ ಗೆಳೆಯನೇ. ಅವನ ಪ್ರವಾಸಗಳಿಗೆ ಯಂಗ್ ಹಣ ಕೊಟ್ಟಿದ್ದ. ಹಗಲು ಅಪ್ಪನ ಜೊತೆ ಮರಗೆಲಸ, ಸಂಜೆ ಗ್ಲಾಸ್ಗೋದ ಆಂಡರ್ಸನ್ ಕಾಲೇಜಿನಲ್ಲಿ ಥಾಮಸ್ ಗ್ರಹಾಂ ಅವರ ರಸಾಯನಶಾಸ್ತ್ರದ ಪಾಠ ಎಂದು ದಿನ ಕಳೆಯುತ್ತಿದ್ದ ಯಂಗ್‌ಗೆ ಅವನ ಪರಿಚಯವಾದದ್ದು ಅಲ್ಲೇ. ಶಾಲೆಗಳಿಗೆ ರಜೆ ಇಲ್ಲದ ವಾರದ ದಿನ ಆರಿಸಿಕೊಂಡರೆ ನೆಮ್ಮದಿಯಿಂದ ಓದಬಹುದು. ಎರಡು ಗಂಟೆ ಬೇಕು.

ಕನ್ನಡಿಗರು ಮೊದಲೇ ತಿಳಿದಿರಬೇಕಾದ ಒಂದು ಮಾತು. ನಮ್ಮಲ್ಲಿ ಪ್ಯಾರಾಫಿನ್ ಎಂದರೆ ಮೇಣ, ಇಲ್ಲವೇ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್. ಬ್ರಿಟನ್ನಿನಲ್ಲಿ ಆ ಹೆಸರು ದೀಪಕ್ಕೆ ಹಾಕುವ ಸೀಮೆಎಣ್ಣೆಗೂ ಸಲ್ಲುತ್ತದೆ. ಇದು ತಲೆಯಲ್ಲಿಲ್ಲದಿದ್ದರೆ ದೀಪ, ಮೇಣದಬತ್ತಿಗಳ ಮುಂದಿನ ಬರಹ ಅರ್ಧಂಬರ್ಧ ಅರ್ಥವಾಗುತ್ತದೆ. ಊರವರು ಅವನನ್ನು ಕರೆದದ್ದೂ 'ಪ್ಯಾರಾಫಿನ್ ಯಂಗ್' ಎಂದೇ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಬಟ್ಟಿ ಇಳಿಸುವ ವಿಧಾನದ ಮುಂದೆ. ಕಲ್ಲಿದ್ದಲನ್ನು ಜೋರಾಗಿ ಕಾಯಿಸಿದರೆ ಸಿಗುವುದು ಹೆಚ್ಚಾಗಿ ಅನಿಲ. ಯಂಗ್ 1850ರಲ್ಲಿ ಪೇಟೆಂಟ್ ಪಡೆದದ್ದು ನಿಧಾನವಾಗಿ ಕಾಯಿಸುವ ವಿಧಾನಕ್ಕೆ: ಮಂದ ಕೆಂಪು ಕಾವಿನವರೆಗೆ ಮೆಲ್ಲಗೆ ಏರಿಸಿದರೆ ಆವಿ ಎಣ್ಣೆಯಾಗಿ ಇಳಿಯುತ್ತದೆ. ಆವಿ ಹಾಯುವ ಕೊಳವೆಯನ್ನು ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಅದಕ್ಕಿಂತ ತೀರಾ ತಣ್ಣಗಾದರೆ ಮೇಣ ಗಟ್ಟಿಕಟ್ಟಿ ಕೊಳವೆ ಮುಚ್ಚಿಕೊಳ್ಳುತ್ತದೆ. ಬಂದ ಎಣ್ಣೆಯನ್ನು ಗಂಧಕಾಮ್ಲ, ಕಾಸ್ಟಿಕ್ ಸೋಡಾಗಳಿಂದ ತೊಳೆದು ಮತ್ತೆ ಬಟ್ಟಿ ಇಳಿಸಬೇಕು. ಈ ಹಂತ ಕೈಬಿಟ್ಟರೆ ದೀಪ ಹೊಗೆಯಾಡಿ ನಾರುತ್ತದೆ.

ಬಾತ್‌ಗೇಟ್ ಕಾರ್ಖಾನೆ ಶುರುವಾದದ್ದು 1851ರಲ್ಲಿ. ಕಚ್ಚಾವಸ್ತು ಅಲ್ಲೇ ಹತ್ತಿರದ ಟಾರ್ಬನ್‌ಹಿಲ್‌ನ ಕಲ್ಲಿದ್ದಲಿನಂಥ ಖನಿಜ. ಒಂದು ಟನ್ನಿಗೆ ಸುಮಾರು 120 ಗ್ಯಾಲನ್ ಕಚ್ಚಾ ಎಣ್ಣೆ ಕೊಡುತ್ತಿತ್ತು. ಅದು ನಿಜಕ್ಕೂ ಕಲ್ಲಿದ್ದಲೇ ಎಂಬ ಪ್ರಶ್ನೆ 1853ರಲ್ಲಿ ಎಡಿನ್‌ಬರೋ ನ್ಯಾಯಾಲಯದ ಮೆಟ್ಟಿಲೇರಿತು. ನೆಲದೊಡೆಯ ಗಿಲೆಸ್ಪಿ ಗುತ್ತಿಗೆ ಕೊಟ್ಟದ್ದು ಕಲ್ಲಿದ್ದಲಿಗೆ. ಇದು ಕಲ್ಲಿದ್ದಲೇ ಅಲ್ಲ ಎಂದು ವಾದಿಸಿ ಸೋತ. ಪೇಟೆಂಟ್ 1864ರವರೆಗೆ ಯಂಗ್‌ನ ಕೈಯಲ್ಲಿತ್ತು. ಅದನ್ನು ಮೀರಿದವರ ಮೇಲೆ ದಾವೆ ಹೂಡಿ ಗೆದ್ದ. 1866ರಲ್ಲಿ ಉದ್ಯಮವನ್ನು ಹೊಸ ಕಂಪನಿಗೆ 4,00,000 ಪೌಂಡಿಗೆ ಮಾರಿದ. ರಸಾಯನಶಾಸ್ತ್ರದಷ್ಟೇ ವಕೀಲಿಕೆಯೂ ಅವನಿಗೆ ದುಡ್ಡು ತಂದಿತು ಎನ್ನಬೇಕು.

ಇಲ್ಲಿಗೇ ಮುಗಿಸಿ ವಾಪಸಾದರೆ ನೋಡಿದ್ದು ಅರ್ಧ. ವೆಸ್ಟ್ ಕಾಲ್ಡರ್ ಬಳಿ 'ಐವರು ಸೋದರಿಯರು' ಎಂಬ ಕೆಂಪು ದಿಬ್ಬಗಳಿವೆ. ಟಾರ್ಬನ್‌ಹಿಲ್ ಖನಿಜದ ನಂತರ ಎಣ್ಣೆಗೆ ಬಳಸಿದ್ದು ಶೇಲ್ ಕಲ್ಲು; ಅದರ ತೂಕದಲ್ಲಿ ಎಣ್ಣೆಯಾಗಿ ಬರುವುದು ಸುಮಾರು ಹತ್ತರಲ್ಲೊಂದು ಪಾಲು. ಉಳಿದದ್ದೆಲ್ಲ ಹೀಗೆ ಗುಡ್ಡೆಯಾಯಿತು. ಸುಟ್ಟಾಗ ಕಬ್ಬಿಣದ ಅಂಶ ಆಕ್ಸೈಡ್ ಆಗಿ ಬಣ್ಣ ಕೆಂಪಾಗಿದೆ. ತುಂಡುಗಳು ಚಪ್ಪಟೆ, ಸಡಿಲ, ಮಳೆಯಲ್ಲಿ ಜಾರುತ್ತವೆ. ಚಪ್ಪಲಿಯಲ್ಲಿ ಹತ್ತುವ ಸಾಹಸ ಬೇಡ, ಬೂಟು ಹಾಕಿ. ಉದ್ಯಮ 1962ರಲ್ಲಿ ನಿಂತಿತು. ಯಂಗ್‌ನ ದೊಡ್ಡ ಕಾರ್ಖಾನೆಯಿದ್ದ ಆಡಿವೆಲ್‌ನಲ್ಲಿ ಈಗ ಸೆರೆಮನೆ ಇದೆ; ಅಲ್ಲಿ ಇಳಿದು ನೋಡುವಂಥದ್ದೇನೂ ಇಲ್ಲ.

ಯಂಗ್ ಭೂಮಾಲೀಕನಾಗಿ ಬಾಳಿದ ಕಡೆಗೆ ಈ ಸುತ್ತಾಟ ನಿಮ್ಮನ್ನು ಒಯ್ಯುವುದಿಲ್ಲ. ನಮ್ಮ ದೊಡ್ಡ ತಕರಾರು ಇದೇ. ಆಬರ್ಡೀನ್ ಕಡೆಯ ಡರಿಸ್, ಕ್ಲೈಡ್ ಕೊಲ್ಲಿಯ ದಂಡೆಯ ಕೆಲ್ಲಿ, ಎರಡೂ ಎಸ್ಟೇಟ್‌ಗಳು ಇಲ್ಲಿಂದ ದೂರ. ಅದೇ ಕ್ಲೈಡ್ ತೀರದಲ್ಲಿ ವಿಜ್ಞಾನಿ ಜಾರ್ಜ್ ಫೋರ್ಬ್ಸ್ ಜೊತೆ ಸೇರಿ ಅವನು ಬೆಳಕಿನ ವೇಗ ಅಳೆದ. ಕೆಲ್ಲಿಯಲ್ಲೇ 1883ರಲ್ಲಿ ತೀರಿಕೊಂಡ. ಇನ್ನೊಂದು ದಿನ ಬಿಡುವಿದ್ದರೆ ಗ್ಲಾಸ್ಗೋ ಸೆಂಟ್ರಲ್‌ನಿಂದ ವೀಮಿಸ್ ಬೇ ರೈಲು ಹತ್ತಿ, ಕೊನೆಯ ನಿಲ್ದಾಣಕ್ಕೆ ಒಂದು ಮೊದಲು, ಇನ್ವರ್‌ಕಿಪ್‌ನಲ್ಲಿ ಇಳಿಯಿರಿ. ಸಮಾಧಿ ಅಲ್ಲಿನ ಚರ್ಚಿನ ಅಂಗಳದಲ್ಲಿದೆ.