ಹಸಿರು ವೈರು, ಪೆನ್‌ಡ್ರೈವು, ಫೋನು: ಕಾರಿನ ಮ್ಯಾಪ್ ಲಾಕ್ ಬಿಡಿಸಲು ಹೋಗಿ ಕಲಿತಿದ್ದು

ಮೊದಲೇ ಹೇಳಿಬಿಡುತ್ತೇನೆ. ಹಿಡಿದ ಮೂರು ದಾರಿಗಳಲ್ಲಿ ಗೆದ್ದಿದ್ದು 550 ರೂಪಾಯಿಯ ಫೋನ್ ಹೋಲ್ಡರ್. ಉಳಿದೆರಡಕ್ಕೆ ಸುರಿದ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಹಳೇ ಓನರ್ ಒಳ್ಳೆಯ ಟಚ್‌ಸ್ಕ್ರೀನ್ ಸ್ಟೀರಿಯೊ ಹಾಕಿಸಿದ್ದರು. ಮ್ಯಾಪ್ ಅದರೊಳಗೇ ಇದೆ, ನೆಟ್ ಬೇಕಿಲ್ಲ. ತಕರಾರು ಒಂದೇ. ಗಾಡಿ ಕದಲಿದ ಕೂಡಲೇ ಕೀಬೋರ್ಡ್ ಮಂಕಾಗಿ, ಹ್ಯಾಂಡ್‌ಬ್ರೇಕ್ ಹಾಕಿ ಅನ್ನುತ್ತದೆ. ಬನಶಂಕರಿಯಿಂದ ಸಿಲ್ಕ್ ಬೋರ್ಡ್ ಕಡೆ ತೆವಳುವ ಟ್ರಾಫಿಕ್‌ನಲ್ಲಿ ಇದರ ಜೊತೆ ಏಗಿ ನೋಡಬೇಕು. ನಮ್ಮ ಬೆಂಗಳೂರಿನ ವಿಳಾಸ ಗೊತ್ತಲ್ಲ: ಇಷ್ಟನೇ ಮೇನ್, ಇಷ್ಟನೇ ಕ್ರಾಸ್, ಇಂಥ ಬ್ಲಾಕ್, ಇಂಥ ಫೇಸ್. ಅರ್ಧ ಒತ್ತುವಷ್ಟರಲ್ಲಿ ಮುಂದಿನ ಬಸ್ಸು ಮೂರಡಿ ಸರಿದಿರುತ್ತದೆ, ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ನಾನು ಕ್ಲಚ್ ಬಿಡುತ್ತೇನೆ, ಬರೆದಿದ್ದೆಲ್ಲ ಮಾಯ.

ಪಕ್ಕದಲ್ಲಿ ಹೆಂಡತಿ ಕೈ ಕಟ್ಟಿಕೊಂಡು ಕೂತಿರುತ್ತಾಳೆ. ಅವಳು ಒತ್ತಬಹುದಲ್ವಾ? ಆದರೆ ಒತ್ತಿದ ಬೆರಳು ಯಾರದು ಅಂತ ಆ ಡಬ್ಬಕ್ಕೆ ಗೊತ್ತಾಗಲ್ಲ. ಲಾಕ್ ತೆಗೆಸಬೇಕು ಅನ್ನುವ ಹುಳ ತಲೆಗೆ ಹೊಕ್ಕಿದ್ದು ಹೀಗೆ.

ಮೊದಲು ಹಸಿರು ವೈರು. ಜೆ.ಸಿ. ರೋಡಿನ ಒಂದು ಅಂಗಡಿ, 300 ರೂಪಾಯಿ. ಹುಡುಗ ಹೇಳಿದ್ದು: "ಐದ್ ನಿಮಿಷದ ಕೆಲ್ಸ ಸಾರ್, ಟೀ ಕುಡೀರಿ." ಕೆಲಸ ನಿಜಕ್ಕೂ ಸಣ್ಣದು. ಹ್ಯಾಂಡ್‌ಬ್ರೇಕ್ ಎಳೆದಾಗ ಅದರ ಬುಡದ ಸ್ವಿಚ್ಚು ಒಂದು ವೈರನ್ನು ಗಾಡಿಯ ಲೋಹದ ಮೈಗೆ ತಾಗಿಸುತ್ತದೆ, ಅಂದರೆ ಅರ್ಥ್ ಸಿಗುತ್ತದೆ. ಸ್ಟೀರಿಯೊ ಕಡೆಯಿಂದ ಬರುವ ತಿಳಿ ಹಸಿರು ವೈರು ಅದನ್ನೇ ನೋಡಿಕೊಂಡು ಗಾಡಿ ನಿಂತಿದೆ ಅಂತ ನಂಬುತ್ತದೆ. ಅದನ್ನು ಕಾಯಂ ಆಗಿ ಆ ಲೋಹಕ್ಕೇ ಕಟ್ಟಿಬಿಟ್ಟರೆ ಲಾಕ್ ಹೋಯಿತು. ಹುಡುಗ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ, ಒಂದು ಬೋಲ್ಟಿನ ಪೇಂಟು ಕೆರೆದು, ವೈರು ಸುತ್ತಿ, ಕರಿ ಟೇಪು ಹಾಕಿದ. ಕೆಲವು ಸ್ಟೀರಿಯೊಗಳು ಇಷ್ಟಕ್ಕೆ ಬಗ್ಗುವುದಿಲ್ಲ. ಬ್ರೇಕ್ ಹಾಕಿ, ಬಿಟ್ಟು, ಮತ್ತೆ ಹಾಕಿದ್ದನ್ನು ನೋಡಿದ ಮೇಲೇ ನಂಬುತ್ತವೆ. ಆ ಆಟ ಆಡಿ ತೋರಿಸುವುದಕ್ಕೆ ಒಂದು ಪುಟ್ಟ ರಿಲೇ ಡಬ್ಬಿಯೂ ಸಿಗುತ್ತದೆ. ನನ್ನದಕ್ಕೆ ಬೇಕಾಗಲಿಲ್ಲ.

ಆದರೆ ಅವನು ಹಸಿರು ವೈರನ್ನು ಹ್ಯಾಂಡ್‌ಬ್ರೇಕ್ ಸ್ವಿಚ್ಚಿನಿಂದ ಕತ್ತರಿಸಿರಲಿಲ್ಲ. ಹಾಗೇ ಅರ್ಥ್ ಮಾಡಿದ್ದ. ಅಲ್ಲಿಂದ ಮೀಟರ್ ಬೋರ್ಡಿನ ಕೆಂಪು ಬ್ರೇಕ್ ದೀಪ ಆರಲೇ ಇಲ್ಲ. ಬ್ರೇಕ್ ಆಯಿಲ್ ಕಮ್ಮಿಯಾದರೂ ಉರಿಯುವುದು ನಮ್ಮ ಕಾರಿನಲ್ಲಿ ಅದೇ ದೀಪ. ನಾಲ್ಕನೇ ದಿನ ಹ್ಯಾಂಡ್‌ಬ್ರೇಕ್ ಅರ್ಧ ಎಳೆದುಕೊಂಡೇ ರಾಗಿಗುಡ್ಡದವರೆಗೆ ಓಡಿಸಿದ್ದೇನೆ. ದೀಪ ಹೇಗೂ ಉರಿಯುತ್ತಿತ್ತು, ನೋಡುವವರು ಯಾರು? ಸುಟ್ಟ ವಾಸನೆ ಬಂದಾಗಲೇ ಗೊತ್ತಾಗಿದ್ದು. ವಾಪಸ್ ಹೋಗಿ ಟೇಪು ಕೀಳಿಸಿದೆ.

ಅದೇ ಅಂಗಡಿಯವರು ಆಗ ಎರಡನೇ ದಾರಿ ತೋರಿಸಿದರು. "ವೈರು ಮುಟ್ಟೋದೇ ಬೇಡ ಸಾರ್, ಸಾಫ್ಟ್‌ವೇರೇ ಬದಲಾಯಿಸಿಬಿಡೋಣ." 2,000 ರೂಪಾಯಿ. ಈ ಚಟ ಜಗತ್ತಿಗೆ ಹೊಸದೇನಲ್ಲ. 2004ರ ಸುಮಾರಿನ ಪ್ರಿಯಸ್ ಕಾರಿನಲ್ಲಿ ಪರದೆಯ ಮೂಲೆಗಳನ್ನು ಒಂದು ಲೆಕ್ಕದಲ್ಲಿ ಒತ್ತಿದರೆ ಅಡಗಿದ್ದ ಮೆನು ತೆರೆದುಕೊಂಡು ಲಾಕ್ ಬಿಡುತ್ತಿತ್ತು. ಗಾಡಿ ಆಫ್ ಮಾಡಿದರೆ ಮತ್ತೆ ಲಾಕ್. ಮಜ್ದಾ ಕಾರುಗಳಿಗೆ ಜನ ಪೆನ್‌ಡ್ರೈವ್ ಚುಚ್ಚಿ ಇದನ್ನೇ ಮಾಡಿಕೊಂಡರು, ಆಮೇಲೆ ಕಂಪನಿ ಅಪ್‌ಡೇಟ್ ಕೊಟ್ಟು ಆ ಕಿಂಡಿ ಮುಚ್ಚಿತು. ನನ್ನ ಸ್ಟೀರಿಯೊಗೂ ಪೆನ್‌ಡ್ರೈವೇ. ಎಂಜಿನ್ ಆನ್ ಇಟ್ಟು ನಲವತ್ತು ನಿಮಿಷ ಕೂತೆವು, ಮಧ್ಯದಲ್ಲಿ ಬ್ಯಾಟರಿ ಇಳಿದರೆ ಸ್ಟೀರಿಯೊ ಸತ್ತಂತೆಯೇ ಅಂತ ಅವರು ಮೊದಲೇ ಹೆದರಿಸಿದ್ದರು. ಕೊನೆಗೆ ಆನ್ ಆಯಿತು. ಕೀಬೋರ್ಡ್ ತೆರೆದಿದೆ, ಕೆಂಪು ದೀಪ ಇಲ್ಲ. ನಾನು ಖುಷಿಯಲ್ಲಿ ಇನ್ನೂರು ರೂಪಾಯಿ ಭಕ್ಷೀಸು ಕೊಟ್ಟು ಬಂದೆ. ಆ ಇನ್ನೂರನ್ನು ಲೆಕ್ಕಕ್ಕೆ ಹಿಡಿದಿಲ್ಲ.

ತೊಂದರೆ ಕಂಡಿದ್ದು ಮುಂದಿನ ಭಾನುವಾರ, ಕೂಡ್ಲುವಿನಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೊರಟಾಗ.

ಹೊಸೂರು ರಸ್ತೆ ಗೊತ್ತಿದ್ದವರಿಗೆ ಗೊತ್ತು. ತಲೆಯ ಮೇಲೆ ಸುಮಾರು 10 ಕಿಲೋಮೀಟರ್ ಉದ್ದದ ಎಲಿವೇಟೆಡ್ ರಸ್ತೆ, 2010ರಲ್ಲಿ ಓಪನ್ ಆಗಿದ್ದು. ಕೂಡ್ಲುಗೆ ಹೋಗುವವರು ಮೇಲೆ ಹತ್ತುವ ಹಾಗಿಲ್ಲ, ಕೆಳಗಿನ ರಸ್ತೆಯಲ್ಲೇ ಹೋಗಬೇಕು. ಕಾಂಕ್ರೀಟಿನ ಅಡಿಯಲ್ಲಿ ಜಿಪಿಎಸ್‌ಗೆ ಉಪಗ್ರಹ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಕಾರಿಗೆ ಜೋಡಿಸಿದ ಮ್ಯಾಪಿಗೆ ಇನ್ನೊಂದು ವೈರು ಇರುತ್ತದೆ, ವೇಗದ್ದು. ಚಕ್ರ ಎಷ್ಟು ಉರುಳಿತು ಅಂತ ಅದರಿಂದ ಎಣಿಸಿ, ಒಳಗಿನ ಜೈರೊ ನೋಡಿ ಯಾವ ಕಡೆ ತಿರುಗಿತು ಅಂತ ತಿಳಿದು, ಸಿಗ್ನಲ್ ಇಲ್ಲದಿದ್ದರೂ ಬಾಣವನ್ನು ಮುಂದಕ್ಕೆ ಒಯ್ಯುತ್ತದೆ. ಫೋನಿಗೆ ಈ ಭಾಗ್ಯ ಇಲ್ಲ. ಆ ಸ್ಟೀರಿಯೊದಲ್ಲಿ ನನಗೆ ನಿಜಕ್ಕೂ ಇಷ್ಟವಾಗಿದ್ದ ಗುಣ ಅದೊಂದೇ.

ಪೆನ್‌ಡ್ರೈವ್ ಸಾಫ್ಟ್‌ವೇರ್ ಕೊಂದಿದ್ದು ಅದನ್ನೇ. ಲಾಕ್ ಬಿಡಿಸಲು ಅದು ಮಾಡುತ್ತಿದ್ದ ಉಪಾಯ ಬಹಳ ಸರಳ: ಗಾಡಿಯ ವೇಗ ಯಾವಾಗಲೂ ಸೊನ್ನೆ ಅಂತ ಸುಳ್ಳು ಹೇಳುವುದು. ಕೀಬೋರ್ಡು ಆ ಸುಳ್ಳನ್ನು ನಂಬಿತು. ಮ್ಯಾಪೂ ನಂಬಿತು. ಬಯಲಿನಲ್ಲಿ ಉಪಗ್ರಹ ಕಾಣುವಾಗ ಬಾಣ ಹೇಗೋ ಓಡುತ್ತಿತ್ತು. ಫ್ಲೈಓವರ್ ಅಡಿಗೆ ಬಂದ ಕೂಡಲೇ, ಹೇಗೂ ವೇಗ ಸೊನ್ನೆ, ಗಾಡಿ ನಿಂತಿರಬೇಕು ಅಂದುಕೊಂಡು ಬಾಣ ಅಲ್ಲೇ ಕಾಲೂರಿತು.

"ರೀ, ಇದು ಇನ್ನೂ ಬೊಮ್ಮನಹಳ್ಳೀಲೇ ನಿಂತಿದೆಯಲ್ರೀ" ಅಂದಳು ಹೆಂಡತಿ. ಟ್ರಾಫಿಕ್ ಇರಬೇಕು ಸುಮ್ನಿರು ಅಂದೆ. ನಾವು ಮೂರನೇ ಗೇರಿನಲ್ಲಿದ್ದೆವು. ಗಾರ್ವೇಭಾವಿಪಾಳ್ಯ ಹಿಂದೆ ಹೋಯಿತು, ಬಾಣ ಬೊಮ್ಮನಹಳ್ಳಿಯಲ್ಲೇ ಇದೆ. ಆಮೇಲೆ ಎಲ್ಲೋ ಕಾಂಕ್ರೀಟಿನ ಸಂದಿನಲ್ಲಿ ಆಕಾಶ ಕಂಡಿತೇನೋ, ಬಾಣ ಒಂದೇ ನೆಗೆತಕ್ಕೆ ಕೂಡ್ಲು ಗೇಟ್ ದಾಟಿ ಸಿಂಗಸಂದ್ರದಲ್ಲಿ ಬಂದು ಕೂತು, ಯೂ ಟರ್ನ್ ತಗೊಳ್ಳಿ ಅಂದಿತು. ನಿಜಕ್ಕೂ ನಾವು ಸಿಂಗಸಂದ್ರದಲ್ಲೇ ಇದ್ದೆವು. ಎಡಕ್ಕೆ ಹೊರಳಬೇಕಿದ್ದ ಕೂಡ್ಲು ಗೇಟು ಯಾವಾಗಲೋ ಹಿಂದೆ ಹೋಗಿತ್ತು. ಹೊಸೂರು ರಸ್ತೆಯಲ್ಲಿ ಒಂದು ತಿರುವು ತಪ್ಪಿದರೆ ಏನಾಗುತ್ತದೆ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಾವು ಮುಟ್ಟಿದಾಗ ಎರಡನೇ ಪಂಕ್ತಿ ಎದ್ದಿತ್ತು. ಹೋಳಿಗೆ ಸಿಕ್ಕಿತು, ಆಂಬೊಡೆ ಖಾಲಿ.

ಒಂದು ಸಲದ ಮಾತಾಗಿದ್ದರೆ ಬಿಡುತ್ತಿದ್ದೆ. ಪ್ರತಿ ಅಂಡರ್‌ಪಾಸು, ಪ್ರತಿ ಮೆಟ್ರೊ ಕಂಬದ ಸಾಲು, ಮಾಲ್‌ಗಳ ನೆಲಮಾಳಿಗೆ, ಎಲ್ಲೆಡೆ ಇದೇ ಕತೆ. ವೇಗ ಹೆಚ್ಚಿದಾಗ ಹಾಡಿನ ಸೌಂಡು ತಾನಾಗೇ ಏರುತ್ತಿದ್ದದ್ದೂ ನಿಂತುಹೋಯಿತು. ಕಾರಣ ಅದೇ ಸೊನ್ನೆ. ಹಳೇ ಸಾಫ್ಟ್‌ವೇರ್ ವಾಪಸ್ ಹಾಕಿಸಲು 1,200 ಕೇಳಿದರು. ಕೊಟ್ಟೆ. ಅಂಗಡಿಯ ಹೆಸರು ಬೇಡ, ಕೇಳಿಕೊಂಡು ಹೋದವನು ನಾನೇ.

ಇನ್ನೊಂದು ಒಪ್ಪಿಕೊಳ್ಳಬೇಕು. ಲಾಕ್ ತೆಗೆಸಿದ್ದು ಹೆಂಡತಿ ಟೈಪ್ ಮಾಡಲಿ ಅಂತ. ಆದರೆ ತೆರೆದಿದೆ ಅಂತ ಗೊತ್ತಾದ ಮೇಲೆ ಒಬ್ಬನೇ ಹೋಗುವಾಗ ನಾನೇ ಒತ್ತತೊಡಗಿದೆ. ಜಯದೇವ ಆಸ್ಪತ್ರೆ ಹತ್ತಿರ ಒಂದು ದಿನ ಅಕ್ಷರ ಹುಡುಕಿ ತಲೆ ಎತ್ತಿದರೆ ಮುಂದೆ ಆಟೋ ನಿಂತಿದೆ. ಒಂದು ಗೇಣು ಉಳಿದಿತ್ತು. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಕಾರು ಕಂಪನಿಗಳಿಗೆ ಕೊಟ್ಟ ಸೂಚನೆಯಲ್ಲಿ, ಒಂದು ಸಲ ಪರದೆ ನೋಡುವುದು 2 ಸೆಕೆಂಡ್ ಮೀರಬಾರದು, ಇಡೀ ಕೆಲಸಕ್ಕೆ ಕಣ್ಣು 12 ಸೆಕೆಂಡಿಗಿಂತ ಜಾಸ್ತಿ ರಸ್ತೆ ಬಿಡಬಾರದು ಅಂತ ಇದೆ. 40 ಕಿಲೋಮೀಟರ್ ವೇಗದಲ್ಲಿ 2 ಸೆಕೆಂಡ್ ಅಂದರೆ 22 ಮೀಟರ್, ಹೆಚ್ಚುಕಡಿಮೆ ಎರಡು ಬಿಎಂಟಿಸಿ ಬಸ್ಸಿನ ಉದ್ದ. ನಾನು ಹುಡುಕುತ್ತಿದ್ದದ್ದು "ಝ" ಅಕ್ಷರವೂ ಅಲ್ಲ, ಬರೀ "ಕ".

ಇನ್ನು ಫೋನು. ಎಸಿ ಕಿಂಡಿಗೆ ಸಿಕ್ಕಿಸುವ ಹೋಲ್ಡರ್, 550 ರೂಪಾಯಿ. ಮನೆ ಬಿಡುವ ಮೊದಲೇ ವಿಳಾಸ ಹಾಕುತ್ತೇನೆ. ದಾರಿಯಲ್ಲಿ ಬದಲಾದರೆ ಹೆಂಡತಿ ಫೋನ್ ಕಿತ್ತುಕೊಂಡು, ಒತ್ತಿ, ಮತ್ತೆ ಸಿಕ್ಕಿಸುತ್ತಾಳೆ. ಅಷ್ಟೇ. ನಮ್ಮ ಮೂಲ ರೋಗಕ್ಕೆ ಮದ್ದು ಇಷ್ಟೇ ಇತ್ತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಮ್ಮ ದೇಶದ ನಿಯಮದ ಪ್ರಕಾರವೂ ಓಡಿಸುವವರು ಫೋನನ್ನು ಗಮನ ಕೆಡದ ಹಾಗೆ ದಾರಿ ನೋಡಲು ಮಾತ್ರ ಬಳಸಬಹುದು.

ಫ್ಲೈಓವರ್ ಅಡಿಯಲ್ಲಿ ಫೋನೂ ತಡವರಿಸುತ್ತದೆ, ಸುಳ್ಳು ಹೇಳಲಾರೆ. ಆದರೆ ಕಾಲೂರಿ ನಿಲ್ಲುವುದಿಲ್ಲ, ಅಂದಾಜಿನ ಮೇಲೆ ಮುಂದೆ ಹೋಗುತ್ತದೆ. 2024ರಿಂದ ಗೂಗಲ್ ಮ್ಯಾಪ್ಸ್ ಫ್ಲೈಓವರ್ ಹತ್ತಬೇಕೋ ಬೇಡವೋ ಅಂತಲೂ ಹೇಳುತ್ತಿದೆ. ಅದೇ ವರ್ಷ ಜುಲೈನಲ್ಲಿ ಓಪನ್ ಆದ ರಾಗಿಗುಡ್ಡದ ಡಬಲ್ ಡೆಕ್ಕರ್ ಫ್ಲೈಓವರ್ ನನ್ನ ಸ್ಟೀರಿಯೊದ ಹಳೇ ಮ್ಯಾಪಿನಲ್ಲಿ ಇಲ್ಲವೇ ಇಲ್ಲ. ಅದರ ಮೇಲೆ ಹೋದರೆ ನಾನು ಕೆಳಗೇ ಇದ್ದೇನೆ ಅಂದುಕೊಂಡಿರುತ್ತದೆ, ಪಾಪ. ಫೋನಿನ ಕಾಟ ಎರಡು: ಏಪ್ರಿಲ್ ಬಿಸಿಲಿಗೆ ಕಾದು ಮಂಕಾಗುತ್ತದೆ, ತಿರುವಿನ ಹೊತ್ತಿಗೇ ಯಾರಾದರೂ ಕಾಲ್ ಮಾಡುತ್ತಾರೆ.

ಸ್ಟೀರಿಯೊವನ್ನು ಎಸೆದಿಲ್ಲ. ಲಾಕ್ ಇದ್ದರೂ ಸೇವ್ ಮಾಡಿಟ್ಟ ಜಾಗಗಳ ಪಟ್ಟಿ ಓಡುವಾಗಲೂ ತೆರೆಯುತ್ತದೆ ಅಂತ ಇಷ್ಟೆಲ್ಲ ಆದ ಮೇಲೆ ಗೊತ್ತಾಯಿತು. ಅದಕ್ಕೆ ಖರ್ಚು ಸೊನ್ನೆ. ಪದೇ ಪದೇ ಹೋಗುವ ಹನ್ನೆರಡು ಮನೆಗಳನ್ನು ಒಂದು ಸಂಜೆ ಕೂತು ಹಾಕಿದೆ.

ಲಾಂಗ್ ಡ್ರೈವ್ ಜಾಸ್ತಿ ಹೋಗುವವರಿಗೆ, ನೆಟ್ ಸಿಗದ ಘಾಟಿ ಕಡೆ ಓಡಾಡುವವರಿಗೆ ಕಾರಿನ ಮ್ಯಾಪೇ ವಾಸಿ ಇರಬಹುದು, ಲಾಕ್ ಸಮೇತ. ನಾನು ವಾರದಲ್ಲಿ ಐದು ದಿನ ಎಲೆಕ್ಟ್ರಾನಿಕ್ ಸಿಟಿಗೆ, ವಾರದ ಕೊನೆಗೆ ಮದುವೆ-ಮುಂಜಿಗೆ ಹೋಗುವವನು. ಆ ಕಡೆಯ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಆ ಐದು ದಿನವೂ ಕಾರು ಆಚೆ ಬರಲ್ಲ.

ಒಟ್ಟು ಖರ್ಚು 4,050. ಅದರಲ್ಲಿ 3,500 ಜೆ.ಸಿ. ರೋಡಿಗೆ. ಹೆಂಡತಿಗೆ ಹೋಲ್ಡರ್ ಬೆಲೆ ಮಾತ್ರ ಹೇಳಿದ್ದೇನೆ.