ನಾಲ್ಕು ಮಳೆಗಾಲ, ಮೂರು ಸ್ಯಾಂಪಲ್ ರೇಟ್: ಸ್ಕಾರ್ಲೆಟ್ 2ಐ2 ಬಳಸಿದ ಅನುಭವ

ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ತೋಟದ ಮನೆ. ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಈ ಕಡೆ ತಾಳಮದ್ದಳೆಯ ಕಾಲ. ವೇಷ, ಕುಣಿತ ಇಲ್ಲ; ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತು ಪಾತ್ರಗಳ ಮಾತಾಡುತ್ತಾರೆ. ನಮ್ಮ ಮಾಳಿಗೆಯಲ್ಲೂ ತಿಂಗಳಿಗೊಂದು ಕೂಟ ಆಗುತ್ತದೆ. ಅದನ್ನು ರೆಕಾರ್ಡ್ ಮಾಡಲೆಂದೇ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಎಂಬ ಡಬ್ಬಿ ತಗೊಂಡೆ, ಮೂರನೇ ತಲೆಮಾರಿನದ್ದು. ಮೈಕಿನ ಸದ್ದನ್ನು ಅಂಕಿಗಳಾಗಿಸಿ ಲ್ಯಾಪ್‌ಟಾಪಿಗೆ ಕಳಿಸುವುದು ಅದರ ಕೆಲಸ. ನಾಲ್ಕು ಮಳೆಗಾಲ ಕಳೆಯಿತು.

ಡಬ್ಬಿಯ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಎರಡು ಮೈಕ್ ಹಾಕಬಹುದು. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುತ್ತದೆ. ಮೈಕಿನ ಸದ್ದನ್ನು ಎಷ್ಟು ಎತ್ತಬೇಕೆಂದು ಹೇಳುವ ಗೇನ್ ಗುಂಡಿಯ ಸುತ್ತ ಉಂಗುರದ ಹಾಗೆ ದೀಪ ಉಂಟು. ಹಸಿರು ಇದ್ದರೆ ಸರಿ, ಕೆಂಪಾದರೆ ಸದ್ದು ಒಡೆಯಿತು ಎಂದರ್ಥ. ಇವತ್ತಿಗೂ ಕೆಲಸ ಮಾಡುತ್ತಿದೆ. ನನ್ನ ತಲೆ ತಿಂದದ್ದು ಡಬ್ಬಿಯಲ್ಲ, ಅದರ ಸೆಟ್ಟಿಂಗ್‌ನಲ್ಲಿರುವ ಆರು ಅಂಕಿಗಳು: 44.1, 48, 88.2, 96, 176.4, 192.

ಇವೇ ಸ್ಯಾಂಪಲ್ ರೇಟ್, ಕಿಲೋಹರ್ಟ್ಸ್ ಲೆಕ್ಕದಲ್ಲಿ. 48 ಎಂದರೆ ಒಂದು ಸೆಕೆಂಡಿನ ಸದ್ದನ್ನು 48,000 ಸಲ ಅಳೆದು ಬರೆದಿಡುತ್ತದೆ. ಜಾಸ್ತಿ ಸಲ ಅಳೆದರೆ ಜಾಸ್ತಿ ಒಳ್ಳೆಯದು, ಅಲ್ವಾ? ನಾನೂ ಹಾಗೇ ಅಂದುಕೊಂಡು ಮೊದಲ ವರ್ಷ 192ಕ್ಕೆ ಇಟ್ಟೆ. ದುಡ್ಡು ಕೊಟ್ಟಿದ್ದೇನೆ, ಪೂರ್ತಿ ಬಳಸಬೇಡವೇ?

ಆ ವರ್ಷದ ಒಂದು ಕೂಟದಲ್ಲಿ ಕೃಷ್ಣನಿಗೂ ಕರ್ಣನಿಗೂ ಮಾತು ಕಾವೇರಿತ್ತು. ಎರಡು ಮೈಕು, 24 ಬಿಟ್ (ಒಂದೊಂದು ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆದಿಡುವುದು ಎಂಬ ಅಂಕಿ), 192 ಎಂದರೆ ಗಂಟೆಗೆ 4.15 ಜಿಬಿ. ಸಾಮಾನ್ಯ ವೇವ್ ಫೈಲಿಗೆ ಸುಮಾರು 4.3 ಜಿಬಿಯ ಮಿತಿ ಇದೆ ಎಂದು ನನಗೆ ಯಾರು ಹೇಳಬೇಕು? 62 ನಿಮಿಷಕ್ಕೆ ಫೈಲು ತುಂಬಿತು. ಕೆಲವು ಸಾಫ್ಟ್‌ವೇರ್ ತಾನಾಗಿ ಎರಡನೇ ಫೈಲು ಶುರು ಮಾಡುತ್ತವೆ. ನಾನು ಆಗ ಬಳಸುತ್ತಿದ್ದ ಹಳೆಯದ್ದು ಮಾಡಲಿಲ್ಲ. ಕರ್ಣ ಉತ್ತರ ಕೊಡುವ ಹೊತ್ತಿಗೆ ರೆಕಾರ್ಡಿಂಗ್ ಇಲ್ಲ.

ಎರಡನೇ ವರ್ಷ ಸಿಟ್ಟಿನಲ್ಲಿ ಒಮ್ಮೆಲೇ 44.1ಕ್ಕೆ ಇಳಿಸಿದೆ. ಸಿ.ಡಿ.ಯ ಅಂಕಿ ಅದು. ಈ ವಿಚಿತ್ರ ಅಂಕಿ ಬಂದದ್ದು ಟಿ.ವಿ.ಯಿಂದ. ಮೊದಮೊದಲು ಡಿಜಿಟಲ್ ಸದ್ದನ್ನು ವಿಡಿಯೋ ಟೇಪಿನಲ್ಲಿ ತುಂಬಿಡುತ್ತಿದ್ದರು. ಸೆಕೆಂಡಿಗೆ 60 ಫೀಲ್ಡ್ (ಟಿ.ವಿ.ಯ ಅರ್ಧ ಚಿತ್ರ), ಫೀಲ್ಡಿಗೆ 245 ಗೆರೆ, ಗೆರೆಗೆ 3 ಸ್ಯಾಂಪಲ್. ಗುಣಿಸಿ ನೋಡಿ, 44,100 ಬರುತ್ತದೆ. ನಮ್ಮ ದೇಶದ ಟಿ.ವಿ. ಪದ್ಧತಿಯ 50 ಫೀಲ್ಡ್, 294 ಗೆರೆಗೂ ಅದೇ ಉತ್ತರ.

44.1 ಸದ್ದಿನಲ್ಲಿ ಏನೂ ಕಮ್ಮಿ ಮಾಡಲಿಲ್ಲ. ಎಡವಿದ್ದು ನಾನು. ಒಂದು ದಿನ ಕರೆಂಟ್ ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಮೊದಲೇ ಸತ್ತಿತ್ತು. ಸ್ಯಾಂಪಲ್ ರೇಟ್ ಎಲ್ಲ ಬರೆದಿರುವ ಫೈಲಿನ ತಲೆಭಾಗ ಹಾಳಾಗಿ ತೆರೆಯಲೇ ಇಲ್ಲ. ಅಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಕಚ್ಚಾ ಡೇಟಾ ಎಂದು ತೆರೆದರೆ ಸದ್ದು ಸಿಗುತ್ತದೆ, ಆದರೆ ಸ್ಯಾಂಪಲ್ ರೇಟ್ ನಾವೇ ಹೇಳಬೇಕು. ಅವಸರದಲ್ಲಿ 48 ಎಂದು ಒತ್ತಿದೆ. ಸಂಭ್ರಮದಿಂದ ಸೋದರಮಾವನಿಗೆ ಕೇಳಿಸಿದೆ. ಅವರು ಮದ್ದಳೆ ಬಾರಿಸುವವರು. ಎರಡು ಪದ್ಯ ಕೇಳಿ ತಲೆ ಎತ್ತಿದರು.

“ಇದೆಂತ ಮಾರಾಯ, ಭಾಗವತರಿಗೆ ಇಪ್ಪತ್ತು ವರ್ಷ ಪ್ರಾಯ ಕಮ್ಮಿ ಆದ ಹಾಗೆ ಉಂಟಲ್ಲ?”

ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಎರಡರಲ್ಲಿ ಹಾಡಿದವರ ದನಿ ಬಿಳಿ ಮೂರಕ್ಕೂ ನಾಲ್ಕಕ್ಕೂ ನಡುವೆ ಎಲ್ಲೋ ಕೂತಿತ್ತು. ಸುಮಾರು ಒಂದೂವರೆ ಮನೆ ಮೇಲೆ. ಗಂಟೆಯ ಪ್ರಸಂಗ 55 ನಿಮಿಷಕ್ಕೆ ಮುಗಿಯುತ್ತಿತ್ತು. ಸರಿಯಾದ ಅಂಕಿ ಹಾಕಿದೆ, ಭಾಗವತರಿಗೆ ಪ್ರಾಯ ವಾಪಸ್ ಬಂತು.

ಆಮೇಲೆ ಎಲ್ಲದಕ್ಕೂ ಒಂದೇ ಅಂಕಿ ಎಂದು 48ಕ್ಕೆ ಬಂದೆ, ಅಲ್ಲೇ ನಿಂತೆ. ಯಾಕೆಂದರೆ ಕೂಟದ ವಿಡಿಯೋ ಮೊಬೈಲಿನಲ್ಲಿ ತೆಗೆಯುತ್ತೇವೆ. ವಿಡಿಯೋ ಲೋಕದ ರೂಢಿಯ ರೇಟ್ 48. ಬದಲಾಯಿಸುವ ಕೆಲಸ ಇಲ್ಲ. (ಆದರೂ ಮೂರು ಗಂಟೆಯಲ್ಲಿ ಸದ್ದು ಚಿತ್ರಕ್ಕಿಂತ ಚೂರು ಹಿಂದೆ ಮುಂದೆ ಆಗುತ್ತದೆ, ಎರಡು ಯಂತ್ರದ ಗಡಿಯಾರ ಒಂದೇ ಅಲ್ಲವಲ್ಲ. ಚೆಂಡೆಯ ಮೊದಲ ಪೆಟ್ಟು, ಕೊನೆಯ ಪೆಟ್ಟು ನೋಡಿ ಕೂಡಿಸುತ್ತೇನೆ.)

ಇನ್ನು ಕಿವಿಯ ಲೆಕ್ಕ. ರೇಟಿನ ಅರ್ಧದಷ್ಟು ಎತ್ತರದವರೆಗಿನ ಸದ್ದು ಮಾತ್ರ ಹಿಡಿಯಲು ಆಗುತ್ತದೆ. 48ಕ್ಕೆ 24 ಕಿಲೋಹರ್ಟ್ಸ್. ಮನುಷ್ಯನ ಕಿವಿಯ ಮಿತಿ ಸುಮಾರು 20, ಅದೂ ಎಳೆ ಪ್ರಾಯದಲ್ಲಿ. ಭಾಗವತರ ಮುಂದೆ ನಾನು ಇಡುವುದು ಶೂರ್ ಎಸ್‌ಎಂ58. ಅದರ ಕಾಗದದಲ್ಲೇ 50ರಿಂದ 15,000 ಹರ್ಟ್ಸ್ ಎಂದು ಬರೆದಿದೆ. ಮೈಕೇ 15ಕ್ಕೆ ಕೈಚೆಲ್ಲಿದ ಮೇಲೆ 96 ಏನನ್ನು ಹಿಡಿಯಬೇಕು? ಜಾಗಟೆಯ ಸದ್ದನ್ನು 96ರಲ್ಲಿ ತೆಗೆದು, ಅದನ್ನೇ 48ಕ್ಕೆ ಇಳಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸು ಎಂದು ಮಗಳಿಗೆ ಕೊಟ್ಟೆ. ಹತ್ತು ಸಲದಲ್ಲಿ ಐದು ಸರಿ ಹೇಳಿದೆ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ.

96ಕ್ಕೆ ಒಂದು ಲಾಭ ಉಂಟು. ಹೆಡ್‌ಫೋನಿನಲ್ಲಿ ತನ್ನದೇ ದನಿ ಕೇಳುತ್ತಾ ಹಾಡುವವರಿಗೆ ತಡ ಕಮ್ಮಿ. 128 ಸ್ಯಾಂಪಲ್‌ನ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತಗೊಳ್ಳುವ ತುಂಡು) 48ರಲ್ಲಿ 2.7 ಮಿಲಿಸೆಕೆಂಡ್, 96ರಲ್ಲಿ ಅದರ ಅರ್ಧ. ಆದರೆ ನನ್ನ ಲ್ಯಾಪ್‌ಟಾಪ್ ಅಷ್ಟಕ್ಕೇ ಏದುಸಿರು ಬಿಡುತ್ತದೆ. ಕೂಟದವರಿಗೆ ಹೆಡ್‌ಫೋನೂ ಬೇಡ. ಹಾಗಾಗಿ ಬಿಟ್ಟೆ.

ನಿಜವಾಗಿ ಕೆಲಸಕ್ಕೆ ಬಂದದ್ದು 24 ಬಿಟ್. ಅರ್ಥಧಾರಿಗಳು ಮೆಲ್ಲಗೆ ಶುರು ಮಾಡಿ ಒಮ್ಮೆಲೇ ಗುಡುಗುತ್ತಾರೆ. 24 ಬಿಟ್ ಇದ್ದರೆ ಗೇನ್ ಕಮ್ಮಿ ಇಟ್ಟು, ದೊಡ್ಡ ಮಾತೂ ಮೈನಸ್ 12 ಡೆಸಿಬೆಲ್ (ಸದ್ದು ಒಡೆಯುವುದು ಸೊನ್ನೆಯಲ್ಲಿ) ದಾಟದ ಹಾಗೆ ನೋಡಿಕೊಳ್ಳಬಹುದು. ಆಮೇಲೆ ಎತ್ತಿದರೂ ಗುಂಯ್ ಎನ್ನುವುದಿಲ್ಲ. ಗಂಟೆಗೆ ಹೆಚ್ಚು ಕಮ್ಮಿ 1 ಜಿಬಿ. ಡಿಸ್ಕಿಗೆ ಭಾರ ಅಲ್ಲ.

ಎಲ್ಲಕ್ಕಿಂತ ದೊಡ್ಡ ಸುಧಾರಣೆ ಮಾತ್ರ ಪುಕ್ಕಟೆ ಬಂದದ್ದು. ಮಾಳಿಗೆಯ ಎರಡು ಗೋಡೆಗೆ ಅಡಿಕೆ ಗೋಣಿ ಪೇರಿಸಿಟ್ಟಿರುತ್ತಿದ್ದರು. ಮಾತು ಎಷ್ಟು ಸ್ಪಷ್ಟ ಬರುತ್ತಿತ್ತೆಂದರೆ ನಾನು ಅದನ್ನು ಡಬ್ಬಿಯ ಗುಣ ಎಂದುಕೊಂಡಿದ್ದೆ. ಈ ವರ್ಷ ಒಳ್ಳೆ ರೇಟ್ ಬಂತೆಂದು ಅಪ್ಪ ಅಷ್ಟನ್ನೂ ಮಾರಿದರು. ಮೊದಲ ಕೂಟದ ರೆಕಾರ್ಡಿಂಗ್ ಕೇಳಿದರೆ ಎಲ್ಲರೂ ಹಂಡೆಯೊಳಗೆ ಕೂತು ಮಾತಾಡಿದ ಹಾಗೆ. ಹತ್ತು ಗೋಣಿಯಾದರೂ ಮುಂದಿನ ಕೂಟದವರೆಗೆ ಇಟ್ಟುಕೊಳ್ಳಿ ಎಂದು ಕೇಳಿದ್ದೇನೆ. ರೇಟ್ ನೋಡಿ ಹೇಳುತ್ತೇನೆ ಎಂದಿದ್ದಾರೆ.