ಜೆನೆಟಿಕ್ ಕೌನ್ಸೆಲಿಂಗ್: ಮಾತಿಗೆ ಐದು ಸ್ಟಾರ್, ಕೌಂಟರ್‌ಗೆ ಎರಡು

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಜೆನೆಟಿಕ್ ಕೌನ್ಸೆಲಿಂಗ್ (ವಂಶದಲ್ಲಿ ಹರಿದುಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ) ವಿಭಾಗದ ಅನುಭವ ಇದು. ನಾನು ಮದುವೆಯಾಗಿರುವುದು ಸೋದರಮಾವನನ್ನೇ. ರಕ್ತಪರೀಕ್ಷೆಯಲ್ಲಿ ಇಬ್ಬರಿಗೂ ಎಚ್‌ಬಿಎ2 (ಹಿಮೋಗ್ಲೋಬಿನ್‌ನ ಒಂದು ಬಗೆ) ಪ್ರಮಾಣ ಶೇ. 3.5ಕ್ಕಿಂತ ಜಾಸ್ತಿ ಬಂತು. ಇಬ್ಬರೂ ಬೀಟಾ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ವಾಹಕರು, ಅಂದರೆ ನಮಗೆ ಕಾಯಿಲೆ ಇಲ್ಲದಿದ್ದರೂ ಮಕ್ಕಳಿಗೆ ದಾಟಿಸಬಹುದಾದವರು ಅಂತಾಯಿತು.

ಕೌನ್ಸೆಲರ್ ಕನ್ನಡದಲ್ಲೇ ಮಾತಾಡಿದರು. ಹಾಳೆ ತೆಗೆದು ಅಜ್ಜಿಯಿಂದ (ನನಗೆ ಅತ್ತೆಯೂ ಅವರೇ!) ಶುರು ಮಾಡಿ ವಂಶವೃಕ್ಷ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ನಮ್ಮಿಬ್ಬರ ನಡುವೆ ಮಾತ್ರ ಜೋಡಿ ಗೆರೆ. ರಕ್ತಸಂಬಂಧದ ಮದುವೆಗೆ ಹಾಗೇ ಹಾಕುವುದಂತೆ. ‘ಯಾಕೆ ಹೀಗೆ ಮದುವೆಯಾದಿರಿ’ ಅಂತ ಒಂದು ಮಾತೂ ಕೇಳಲಿಲ್ಲ. ನೆಂಟರೆಲ್ಲ ಕೇಳಿಯಾಗಿತ್ತು ಬಿಡಿ.

ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್ (ಕಾಯಿಲೆಯ ತೀವ್ರ ರೂಪ) ಬರುವ ಸಾಧ್ಯತೆ ಶೇ. 25. ಮೊದಲ ಮಗು ಚೆನ್ನಾಗಿ ಹುಟ್ಟಿದರೂ ಎರಡನೆಯದಕ್ಕೆ ಲೆಕ್ಕ ಬದಲಾಗುವುದಿಲ್ಲ. ಇದನ್ನು ನನ್ನವರಿಗೆ ಅರ್ಥವಾಗುವ ತನಕ ಬೇಸರಿಸದೆ ಹೇಳಿದರು. 11ನೇ ವಾರದ ನಂತರ ಮಾಸಿನ ಚೂರು ತೆಗೆದು ಮಗುವಿಗೆ ಕಾಯಿಲೆ ಇದೆಯಾ ಅಂತ ಪರೀಕ್ಷಿಸಬಹುದು. ಆದರೆ ಅದಕ್ಕೂ ಮುಂಚೆ ನಮ್ಮಿಬ್ಬರ ಜೀನ್‌ನಲ್ಲಿ ಯಾವ ದೋಷ ಇದೆ ಅಂತ ಗೊತ್ತಿರಬೇಕು. ಹಾಗಾಗಿ ಬಸಿರಾಗುವ ಮೊದಲೇ ಹೋಗುವುದು ಒಳ್ಳೆಯದು.

ಬಿಲ್ಲಿಂಗ್ ಕೌಂಟರ್ ಕಥೆ ಬೇರೆ. ಡಿಎನ್‌ಎ ಪರೀಕ್ಷೆಗೆ ಎಷ್ಟಾಗುತ್ತದೆ ಅಂತ ರಕ್ತ ಕೊಟ್ಟ ಮೇಲೆ ಹೇಳಿದರು. ಇದು ಸರೀನಾ? ರಿಪೋರ್ಟ್ ಬಂದಿದೆಯಾ ಅಂತ ಫೋನ್ ಮಾಡಿದರೆ ಎತ್ತುವವರೇ ಇಲ್ಲ. ಹೋಗುವವರು ಹಳೆಯ ರಕ್ತದ ರಿಪೋರ್ಟ್‌ಗಳನ್ನು ತೆಗೆದುಕೊಂಡು ಹೋಗಿ, ದರ ಮೊದಲೇ ಕೇಳಿ ಬರೆಸಿಕೊಳ್ಳಿ.